ಹೆಸರೂ ವ್ಯಕ್ತಿಯೂ: ಗಣಕಯಂತ್ರದ ಒಂದು ಪಾಠ



ಶಾಲೆಯ ಪ್ರವೇಶ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿರುವುದು ಹೊಸ ಸಂಗತಿಯಲ್ಲ. ಒಬ್ಬಳೇ ಹುಡುಗಿಯ ಹೆಸರು ಎರಡು ಕಾಗದಗಳಲ್ಲಿ ಎರಡು ವಿಧವಾಗಿ ಬರೆಯಲ್ಪಟ್ಟಿರುವುದೂ ಹೊಸದಲ್ಲ. ಹಾಜರಿ ಕರೆಯುವ ಉಪಾಧ್ಯಾಯಿನಿಯು ತಲೆಯೆತ್ತಿ ಮುಖ ನೋಡಿ, ಯಾರು ಯಾರೆಂಬುದನ್ನು ಕ್ಷಣದಲ್ಲಿ ತಿಳಿದುಕೊಳ್ಳುವಳು. ಆದರೆ ಈಗ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪಟ್ಟಿ, ಬ್ಯಾಂಕಿನ ಖಾತೆ ಇವುಗಳನ್ನು ಒಂದಕ್ಕೊಂದು ತಾಳೆ ನೋಡುವ ಕೆಲಸವು ಬಹುಮಟ್ಟಿಗೆ ಗಣಕಯಂತ್ರದ ಪಾಲಿಗೆ ಬಂದಿದೆ. ಆ ಯಂತ್ರವು ಪಟ್ಟಿಗಳನ್ನು ಹೋಲಿಸುವಾಗ ಹುಡುಗಿಯ ಮುಖವನ್ನು ನೋಡುವುದಿಲ್ಲ. ಅಕ್ಷರಗಳನ್ನು ಮಾತ್ರ ನೋಡುವುದು. ಅಕ್ಷರ ಕೂಡದಿದ್ದರೆ ಒಬ್ಬಳನ್ನೇ ಇಬ್ಬರೆಂದು ಹೇಳುವುದು. ಅಕ್ಷರ ಕೂಡಿದರೆ ಇಬ್ಬರನ್ನೂ ಒಬ್ಬಳೆಂದು ಎಣಿಸುವುದಕ್ಕೂ ಹಿಂಜರಿಯದು. ಎರಡರಲ್ಲಿ ಯಾವುದು ನಡೆದರೂ ನಷ್ಟವು ಹುಡುಗಿಯದೇ.

ಆದಕಾರಣ, ಗಣಕಯಂತ್ರಕ್ಕೆ ವ್ಯಕ್ತಿ ಎಂದರೇನು, ಆ ವ್ಯಕ್ತಿಯ ಗುಣವೆಂದರೇನು, ಎರಡು ಬರಹಗಳು ಒಂದೇ ಎಂದು ಅದು ಹೇಳುವುದು ಯಾವಾಗ, ಎಂಬ ಮೂರು ವಿಚಾರಗಳನ್ನು ಇಲ್ಲಿ ಪಾಠಕ್ರಮದಂತೆ ವಿವರಿಸಿದೆ. ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವ ಮಗಳಿದ್ದರೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಒಳ್ಳೆಯದು.

೧. ಪೂರ್ವಜ್ಞಾನ

ವ್ಯಾಕರಣದಲ್ಲಿ ನಾಮಪದಗಳ ವಿಭಾಗವನ್ನು ಎಲ್ಲರೂ ಕಲಿತಿರುವಿರಿ. ಹುಡುಗಿ, ನದಿ, ಊರು ಎಂಬುವು ರೂಢನಾಮಗಳು. ಶಾಂತಾ, ಗೋದಾವರಿ, ಕೋಲಾರ ಎಂಬುವು ಅಂಕಿತನಾಮಗಳು. ರೂಢನಾಮವು ಒಂದು ಜಾತಿಗೆ ಸೇರಿದ ಎಲ್ಲವನ್ನೂ ಹೇಳುವುದು. ಅಂಕಿತನಾಮವು ಒಂದನ್ನೇ ಗುರುತಿಸಿ ಹೇಳುವುದು. ಈ ಭೇದವನ್ನು ಬಲ್ಲವರಿಗೆ ಮುಂದಿನ ಪಾಠವು ಕಷ್ಟವಾಗದು.

ಗಣಕಯಂತ್ರಕ್ಕೆ ಬರೆಯುವ ಆಜ್ಞೆಗಳ ಸಮೂಹಕ್ಕೆ ಪ್ರೋಗ್ರಾಂ ಎಂದು ಹೆಸರು. ಪ್ರೋಗ್ರಾಮನ್ನು ಬರೆಯುವ ಪದ್ಧತಿಗಳಲ್ಲಿ ಒಂದು, ಲೋಕದಲ್ಲಿರುವ ವಸ್ತುಗಳಂತೆಯೇ ಯಂತ್ರದೊಳಗೂ ವಸ್ತುಗಳನ್ನು ಕಲ್ಪಿಸಿ, ಅವುಗಳಿಗೆ ಗುಣಗಳನ್ನೂ ಕೆಲಸಗಳನ್ನೂ ಕೊಡುವುದಾಗಿದೆ. ಈ ಪದ್ಧತಿಯು ನಾರ್ವೆ ದೇಶದ ಆಸ್ಲೋ ನಗರದಲ್ಲಿ ಹುಟ್ಟಿತು. ಅಲ್ಲಿನ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೊಹಾನ್ ಡಾಲ್, ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಇಬ್ಬರು ವಿದ್ವಾಂಸರು ರಚಿಸಿದ ಸಿಮ್ಯುಲಾ ೬೭ ಎಂಬ ಭಾಷೆಯೇ ಇದಕ್ಕೆ ಮೂಲ. ಅವರಿಗೆ ೨೦೦೧ನೆಯ ಇಸವಿಯ ಟ್ಯೂರಿಂಗ್ ಪ್ರಶಸ್ತಿಯು ದೊರೆಯಿತು. ಅನಂತರ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ, ಆಲನ್ ಕೇ ಮುಂತಾದವರು ೧೯೭೦ರ ದಶಕದಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಬೆಳೆಸಿದರು. ಅವರಲ್ಲಿ ಅಡೀಲ್ ಗೋಲ್ಡ್‌ಬರ್ಗ್ ಎಂಬ ಮಹಿಳೆಯೂ ಒಬ್ಬರೆಂಬುದನ್ನು ನಮ್ಮ ಹುಡುಗಿಯರು ನೆನಪಿನಲ್ಲಿಡತಕ್ಕದ್ದು. ಇಂದು ಶಾಲೆಗಳಲ್ಲಿ ಹೆಚ್ಚಾಗಿ ಕಲಿಸಲ್ಪಡುವ ಪೈಥಾನ್ ಭಾಷೆಯು ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಎಂಬವರದು; ಅದು ಮೊದಲು ಬೆಳಕು ಕಂಡದ್ದು ೧೯೯೧ರಲ್ಲಿ. ನಮ್ಮ ಉದಾಹರಣೆಗಳೆಲ್ಲ ಈ ಭಾಷೆಯವು.

೨. ಅಚ್ಚು ಮತ್ತು ವ್ಯಕ್ತಿ

ಪೈಥಾನಿನಲ್ಲಿ ರೂಢನಾಮದ ಸ್ಥಾನದಲ್ಲಿರುವುದಕ್ಕೆ ಕ್ಲಾಸ್ ಎನ್ನುವರು. ಇದು ನಮ್ಮ ಏಳನೆಯ ತರಗತಿ, ಎಂಟನೆಯ ತರಗತಿ ಎಂಬ ಅರ್ಥದ ಕ್ಲಾಸ್ ಅಲ್ಲ, ಒಂದು ಅಚ್ಚು. ಆ ಅಚ್ಚಿನಿಂದ ತೆಗೆದ ಒಂದೊಂದು ವಸ್ತುವಿಗೂ ಇನ್‌ಸ್ಟೆನ್ಸ್ ಎಂದು ಹೆಸರು. ನಾವು ಅದನ್ನು ವ್ಯಕ್ತಿ ಎಂದು ಕರೆಯೋಣ. ವ್ಯಕ್ತಿಗೆ ಸೇರಿದ ಹೆಸರು, ಸಂಖ್ಯೆ, ಅಂಕ ಮುಂತಾದುವು ಅದರ ಅಟ್ರಿಬ್ಯೂಟುಗಳು, ಅಂದರೆ ಗುಣಗಳು.

೨೦೦೮ರಲ್ಲಿ ಬಂದ ಪೈಥಾನಿನ ೩ನೆಯ ಆವೃತ್ತಿಯಿಂದೀಚೆಗೆ, ಇಂಥ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಕ್ಲಾಸ್, ಡೆಫ್, ಇನಿಟ್ ಎಂಬ ಕೆಲವು ನಿಯತ ಪದಗಳನ್ನು ಮಾತ್ರ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕೊಟ್ಟಿದೆ.

ಕ್ಲಾಸ್ ವಿದ್ಯಾರ್ಥಿನಿ:
    ಮಾಧ್ಯಮ = "ಕನ್ನಡ"
    ಡೆಫ್ __ಇನಿಟ್__(ತಾನು, ಹೆಸರು, ಸಂಖ್ಯೆ):
        ತಾನು.ಹೆಸರು = ಹೆಸರು
        ತಾನು.ಸಂಖ್ಯೆ = ಸಂಖ್ಯೆ
        ತಾನು.ಅಂಕಗಳು = []

ಇಂಗ್ಲಿಷಿನಲ್ಲಿ ಬರೆಯುವವರು "ತಾನು" ಎಂಬ ಸ್ಥಳದಲ್ಲಿ ಸೆಲ್ಫ್ ಎಂದು ಬರೆಯುವರು. ಅದು ರೂಢಿಯೇ ಹೊರತು ಕಟ್ಟಳೆಯಲ್ಲ. ನಮ್ಮ ವ್ಯಾಕರಣದಲ್ಲಿ "ತಾನು" ಎಂಬುದು ಆತ್ಮಾರ್ಥಕ ಸರ್ವನಾಮ. ಅದು ಯಾರನ್ನು ಕುರಿತು ಮಾತು ನಡೆಯುತ್ತಿದೆಯೋ ಅವರಿಗೇ ತಿರುಗಿ ಅನ್ವಯಿಸುವುದು. ಇಲ್ಲಿಯೂ ಹಾಗೆಯೇ. ಹೊಸ ವ್ಯಕ್ತಿಯೊಂದು ಹುಟ್ಟುವಾಗ "ತಾನು.ಹೆಸರು = ಹೆಸರು" ಎಂಬ ಸಾಲು, ಹೊರಗಿನಿಂದ ಬಂದ ಹೆಸರನ್ನು ಆ ವ್ಯಕ್ತಿಯ ಸ್ವಂತ ಗುಣವಾಗಿ ಬರೆದಿಡುವುದು. ಸಮಚಿಹ್ನೆ ಒಂದೇ ಇದ್ದರೆ ಅದು "ಬರೆದಿಡು" ಎಂಬ ಆಜ್ಞೆ, ಎರಡು ಸಮಚಿಹ್ನೆಗಳು ಒತ್ತಾಗಿ ಬಂದರೆ ಅದು "ಸಮವೇ?" ಎಂಬ ಪ್ರಶ್ನೆ. ಈ ಭೇದವನ್ನು ಆರಂಭದಲ್ಲಿಯೇ ದೃಢಮಾಡಿಕೊಳ್ಳಬೇಕು.

ಈಗ ಎರಡು ಕಲ್ಪಿತ ವಿದ್ಯಾರ್ಥಿನಿಯರನ್ನು ಸೃಷ್ಟಿಸೋಣ.

ಮೊದಲನೆಯವಳು = ವಿದ್ಯಾರ್ಥಿನಿ("ಗೋದಾವರಿ", ೪೧)
ಎರಡನೆಯವಳು = ವಿದ್ಯಾರ್ಥಿನಿ("ಗೋದಾವರಿ", ೯೭)

ಒಂದು ಸೂಚನೆ: ಉದ್ಧರಣ ಚಿಹ್ನೆಗಳಿಲ್ಲದೆ ಬರುವ ಸಂಖ್ಯೆಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಂಕಿಗಳಿಂದಲೇ ಬರೆಯಬೇಕು.

೩. ತನ್ನದು ಮತ್ತು ಎಲ್ಲರದು

ಮೇಲಿನ ಅಚ್ಚಿನಲ್ಲಿ "ಮಾಧ್ಯಮ" ಎಂಬುದು "ತಾನು" ಎಂಬ ಮಾತಿಲ್ಲದೆ ಬಂದಿದೆ. ಅದು ಅಚ್ಚಿನ ಗುಣ, ಎಲ್ಲರಿಗೂ ಸಮಾನ. ಹೆಸರು, ಸಂಖ್ಯೆ, ಅಂಕಗಳು ಇವು ವ್ಯಕ್ತಿಯ ಗುಣಗಳು. ಒಬ್ಬೊಬ್ಬಳಿಗೂ ಬೇರೆ ಬೇರೆ. ತರಗತಿಯ ಗೋಡೆಯ ಮೇಲಿರುವ ಕರಿಹಲಗೆಗೂ ಹುಡುಗಿಯರ ಕೈಯಲ್ಲಿರುವ ಸ್ಲೇಟುಗಳಿಗೂ ಇರುವ ಭೇದವೇ ಇದು. "ಮೊದಲನೆಯವಳು.ಮಾಧ್ಯಮ" ಏನೆಂದು ಕೇಳಿದರೆ ಪೈಥಾನ್ ಮೊದಲು ಅವಳ ಸ್ಲೇಟನ್ನು ನೋಡುವುದು. ಅಲ್ಲಿ ಇಲ್ಲದಿದ್ದರೆ ಕರಿಹಲಗೆಯನ್ನು ನೋಡಿ "ಕನ್ನಡ" ಎಂದು ಉತ್ತರ ಕೊಡುವುದು. ಒಬ್ಬಳಿಗೆ ಮಾತ್ರ "ಮೊದಲನೆಯವಳು.ಮಾಧ್ಯಮ = "ಇಂಗ್ಲಿಷ್"" ಎಂದು ಬರೆದರೆ, ಅದು ಅವಳ ಸ್ಲೇಟಿನ ಮೇಲೆ ಬರೆಯಲ್ಪಡುವುದು; ಕರಿಹಲಗೆಯು ಇದ್ದಂತೆಯೇ ಇರುವುದು.

ಇಲ್ಲಿ ಕಲಿಯುವವರು ಎಡವುವ ಒಂದು ಸ್ಥಳವುಂಟು. ಅಂಕಗಳ ಪಟ್ಟಿಯನ್ನು "ತಾನು.ಅಂಕಗಳು" ಎಂದು ಬರೆಯುವುದಕ್ಕೆ ಬದಲಾಗಿ, ಮಾಧ್ಯಮದ ಹಾಗೆ ಅಚ್ಚಿನಲ್ಲಿಯೇ "ಅಂಕಗಳು = []" ಎಂದು ಇಟ್ಟರೆ ಇಡೀ ಶಾಲೆಗೆ ಒಂದೇ ಪಟ್ಟಿಯಾಗುವುದು. ಒಬ್ಬಳ ಗಣಿತದ ಅಂಕವನ್ನು ಆ ಪಟ್ಟಿಗೆ ಸೇರಿಸಿದೊಡನೆ ಅದು ಎಲ್ಲರ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದು. ಯಂತ್ರವು ತಪ್ಪಾಯಿತೆಂದು ಎಚ್ಚರಿಸುವುದಿಲ್ಲ; ಅದಕ್ಕೆ ಹೇಳಿದ್ದನ್ನೇ ಅದು ಮಾಡಿದೆ. ಒಬ್ಬಳಿಗೆ ಮಾತ್ರ ಸಲ್ಲತಕ್ಕ ಯಾವ ಗುಣವನ್ನೂ ಅಚ್ಚಿನಲ್ಲಿ ಇಡಬಾರದೆಂಬುದು ಇದರಿಂದ ತಿಳಿಯುವ ನಿಯಮ.

೪. ವ್ಯಕ್ತಿಯನ್ನು ಹೆಸರಿನೊಡನೆ ಹೋಲಿಸಬಾರದು

"ಮೊದಲನೆಯವಳು == "ಗೋದಾವರಿ"" ಎಂದು ಯಂತ್ರವನ್ನು ಕೇಳಿದರೆ ಏನು ಉತ್ತರ ಬರುವುದು? ನೋಡಿದವರೆಲ್ಲರೂ "ಹೌದು" ಎನ್ನುವರು. ಯಂತ್ರವು "ಅಲ್ಲ" ಎನ್ನುವುದು. ಯಂತ್ರದ ಮಾತೇ ಸರಿ. ಎಡಗಡೆಯಲ್ಲಿರುವುದು ಒಬ್ಬ ವ್ಯಕ್ತಿ, ಬಲಗಡೆಯಲ್ಲಿರುವುದು ಕೆಲವು ಅಕ್ಷರಗಳು. ಹುಡುಗಿಗೆ ಹೆಸರು ಉಂಟು. ಆದರೆ ಹುಡುಗಿಯೇ ಹೆಸರಲ್ಲ. ಕೇಳಬೇಕಾದ ಪ್ರಶ್ನೆಯು "ಮೊದಲನೆಯವಳು.ಹೆಸರು == "ಗೋದಾವರಿ"" ಎಂಬುದು. ಆಗ ಎರಡು ಕಡೆಯೂ ಅಕ್ಷರಗಳೇ ಇರುವುದರಿಂದ ಉತ್ತರವು "ಹೌದು" ಎಂದಾಗುವುದು. ನಡುವಿನ ಒಂದು ಚುಕ್ಕಿಯೂ "ಹೆಸರು" ಎಂಬ ಒಂದು ಪದವೂ ಬಿಟ್ಟುಹೋದದ್ದರಿಂದ, ಹುಡುಕುವ ಹುಡುಗಿ ಪಟ್ಟಿಯಲ್ಲಿದ್ದರೂ "ಅಂಥವಳಿಲ್ಲ" ಎಂಬ ಉತ್ತರ ಬರುವುದುಂಟು. ಮಗಳು ಬರೆದ ಪ್ರೋಗ್ರಾಂ ಕಾರಣವಿಲ್ಲದೆ "ಅಲ್ಲ" ಎನ್ನುತ್ತಿದ್ದರೆ ಮೊದಲು ಈ ಸ್ಥಳವನ್ನು ಪರೀಕ್ಷಿಸಲು ಹೇಳಿರಿ.

೫. ಅಕ್ಷರಸರಗಳ ಹೋಲಿಕೆ

ಹೂಗಳನ್ನು ದಾರದಲ್ಲಿ ಪೋಣಿಸುವಂತೆ ಅಕ್ಷರಗಳನ್ನು ಸಾಲಾಗಿ ಪೋಣಿಸಿದುದಕ್ಕೆ ಸ್ಟ್ರಿಂಗ್ ಎಂದು ಹೆಸರು. ನಾವು ಅಕ್ಷರಸರ ಎನ್ನೋಣ. ಯಂತ್ರದೊಳಗೆ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯುಂಟು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡು ೧೯೯೧ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಅದರಂತೆ ಅಕಾರದ ಸಂಖ್ಯೆ ೩೨೦೫, ಕಕಾರದ್ದು ೩೨೨೧. ಎರಡು ಸರಗಳನ್ನು ಹೋಲಿಸುವಾಗ ಯಂತ್ರವು ಮೊದಲ ಚಿಹ್ನೆಗೆ ಮೊದಲ ಚಿಹ್ನೆಯನ್ನು, ಎರಡನೆಯದಕ್ಕೆ ಎರಡನೆಯದನ್ನು ಇಟ್ಟು, ಸಂಖ್ಯೆಗಳನ್ನು ನೋಡುವುದು. ಮೊದಲು ಭೇದ ಕಂಡ ಸ್ಥಳದಲ್ಲಿಯೇ ಯಾವುದು ಹಿಂದು, ಯಾವುದು ಮುಂದು ಎಂದು ತೀರ್ಮಾನಿಸುವುದು. ಭೇದವೇ ಕಾಣದೆ ಒಂದು ಸರ ಮುಗಿದುಹೋದರೆ ಚಿಕ್ಕದೇ ಮೊದಲು. ಇದರಿಂದ ಹಲವು ವಿಚಿತ್ರಗಳು ಉಂಟಾಗುವುವು.

ಮೊದಲನೆಯದು, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ತೆರಪು ಉಳಿದರೂ ಯಂತ್ರಕ್ಕೆ ಆ ಹೆಸರು ಬೇರೆಯೇ. ಇದಕ್ಕೆ ಸ್ಟ್ರಿಪ್ ಎಂಬ ಆಜ್ಞೆಯಿಂದ ತುದಿಗಳ ತೆರಪನ್ನು ತೆಗೆಯುವುದೇ ಪರಿಹಾರ.

ಎರಡನೆಯದು, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳ ಸಂಖ್ಯೆಗಳು ಬೇರೆ. ದೊಡ್ಡ ಎ ಅಕ್ಷರಕ್ಕೆ ೬೫, ದೊಡ್ಡ ಝಡ್ ಅಕ್ಷರಕ್ಕೆ ೯೦, ಚಿಕ್ಕ ಎ ಅಕ್ಷರಕ್ಕೆ ೯೭. ಆದ್ದರಿಂದ ದೊಡ್ಡ ಝಡ್ ಅಕ್ಷರದಿಂದ ಆರಂಭವಾಗುವ ಹೆಸರು ಚಿಕ್ಕ ಎ ಅಕ್ಷರದಿಂದ ಆರಂಭವಾಗುವ ಹೆಸರಿಗಿಂತ ಮುಂಚೆ ಬರುವುದು. ಹೋಲಿಸುವ ಮುನ್ನ ಎರಡನ್ನೂ ಚಿಕ್ಕ ಅಕ್ಷರಗಳಿಗೆ ತಿರುಗಿಸಿಕೊಳ್ಳಬೇಕು.

ಮೂರನೆಯದು, ಸಂಖ್ಯೆಯನ್ನು ಅಕ್ಷರಸರವಾಗಿ ಬರೆದರೆ "೧೦" ಎಂಬುದು "೯" ಎಂಬುದಕ್ಕಿಂತ ಕಡಮೆಯೆಂದು ಯಂತ್ರವು ಹೇಳುವುದು. ಅದು ಮೊದಲು ನೋಡುವುದು ಒಂದನ್ನೂ ಒಂಬತ್ತನ್ನೂ. ಕನ್ನಡ ಅಂಕಿಯ "೧" ಎಂಬ ಸರವೂ ಇಂಗ್ಲಿಷ್ ಅಂಕಿಯಲ್ಲಿ ಬರೆದ ಒಂದು ಎಂಬ ಸರವೂ ಅದಕ್ಕೆ ಸಮವಲ್ಲ. ಆದರೆ ಇಂಟ್ ಎಂಬ ಆಜ್ಞೆಯಿಂದ ಎರಡನ್ನೂ ಸಂಖ್ಯೆಯಾಗಿ ತಿರುಗಿಸಿದರೆ, ಪೈಥಾನ್ ಕನ್ನಡ ಅಂಕಿಯನ್ನೂ ಸರಿಯಾಗಿ ಓದಿ ಎರಡೂ ಸಮವೆಂದು ಒಪ್ಪುವುದು.

ನಾಲ್ಕನೆಯದು ನಮ್ಮ ವರ್ಣಮಾಲೆಗೆ ಸಂಬಂಧಪಟ್ಟದ್ದು. ನಾವು ಕಲಿತ ಕ್ರಮದಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಕೊನೆಯಲ್ಲಿ ಳ ಬರುವುದು. ನಿಘಂಟಿನಲ್ಲಿ ಮಲ್ಲಿಗೆ, ಮಹಿಮೆ, ಮಳೆ ಎಂಬುದೇ ಕ್ರಮ. ಆದರೆ ಭಾರತದ ಲಿಪಿಗಳಿಗೆಲ್ಲ ಸಮಾನವಾದ ಒಂದು ಕೋಷ್ಟಕವನ್ನು ಯೂನಿಕೋಡ್ ಅನುಸರಿಸಿದ್ದರಿಂದ, ಲಕಾರಕ್ಕೆ ೩೨೫೦, ಳಕಾರಕ್ಕೆ ೩೨೫೧, ಹಕಾರಕ್ಕೆ ೩೨೫೭ ಎಂಬ ಸಂಖ್ಯೆಗಳು ಬಂದಿವೆ. ಆದಕಾರಣ ಬರಿಯ ಸಂಖ್ಯೆಗಳ ಮೇಲೆ ಜೋಡಿಸಿದ ಪಟ್ಟಿಯಲ್ಲಿ ಮಲ್ಲಿಗೆ, ಮಳೆ, ಮಹಿಮೆ ಎಂದು ಬರುವುದು. ಕನ್ನಡದ ಕ್ರಮ ಬೇಕಾದವರು ಅದನ್ನು ಪ್ರತ್ಯೇಕವಾಗಿ ಯಂತ್ರಕ್ಕೆ ತಿಳಿಸತಕ್ಕದ್ದು.

೬. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು

ಐದನೆಯ ಸಂಗತಿಯು ಎಲ್ಲಕ್ಕಿಂತ ಸೂಕ್ಷ್ಮವಾದ್ದರಿಂದ ಅದನ್ನು ಬೇರೆಯಾಗಿ ಹೇಳಬೇಕಾಗಿದೆ. "ಗೋ" ಎಂಬ ಅಕ್ಷರದಲ್ಲಿರುವ ಓಕಾರದ ಚಿಹ್ನೆಗೆ ೩೨೭೫ ಎಂಬ ಒಂದು ಸಂಖ್ಯೆಯುಂಟು. ಆದರೆ ಅದೇ ಚಿಹ್ನೆಯನ್ನು ಮೂರು ತುಂಡುಗಳಾಗಿಯೂ ಬರೆದಿಡಬಹುದು: ಎತ್ವ ೩೨೭೦, ಊತ್ವ ೩೨೬೬, ದೀರ್ಘ ೩೨೮೫. ಕಾಗದದ ಮೇಲೆ ಅಚ್ಚು ಮಾಡಿದರೆ ಎರಡೂ "ಗೋ" ಎಂದೇ ಕಾಣುವುವು. ಯಾವ ಕಣ್ಣಿಗೂ ಭೇದ ತಿಳಿಯದು. ಯಂತ್ರದೊಳಗೆ ಮಾತ್ರ "ಗೋದಾವರಿ" ಎಂಬ ಹೆಸರು ಮೊದಲ ರೀತಿಯಲ್ಲಿ ೭ ಚಿಹ್ನೆಗಳು, ಎರಡನೆಯ ರೀತಿಯಲ್ಲಿ ೯ ಚಿಹ್ನೆಗಳು. ಸಮವೇ ಎಂದು ಕೇಳಿದರೆ "ಅಲ್ಲ" ಎಂಬುದೇ ಉತ್ತರ.

ಒಂದು ಕಚೇರಿಯಲ್ಲಿ ಒಂದು ರೀತಿಯಾಗಿಯೂ ಮತ್ತೊಂದು ಕಚೇರಿಯಲ್ಲಿ ಇನ್ನೊಂದು ರೀತಿಯಾಗಿಯೂ ಬರೆದಿಡಲ್ಪಟ್ಟ ಹೆಸರು ತಾಳೆಯಾಗದಿದ್ದರೆ, ಹುಡುಗಿಯ ತಂದೆತಾಯಿಗಳು ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೂ ಕಾರಣವನ್ನು ಕಾಣಲಾರರು. ತಪ್ಪು ಅವರದೂ ಅಲ್ಲ, ಕಾಗುಣಿತದ್ದೂ ಅಲ್ಲ. ಇದಕ್ಕೆ ಪರಿಹಾರವಿದೆ. ಪೈಥಾನಿನ ಯೂನಿಕೋಡ್‌ಡೇಟಾ ಎಂಬ ಭಂಡಾರದಲ್ಲಿ ನಾರ್ಮಲೈಸ್ ಎಂಬ ಆಜ್ಞೆಯುಂಟು. ಎನ್.ಎಫ್.ಸಿ. ಎಂಬ ಕ್ರಮವನ್ನು ಸೂಚಿಸಿ ಆ ಆಜ್ಞೆಯನ್ನು ಕೊಟ್ಟರೆ, ತುಂಡುಗಳು ಕೂಡಿ ಒಂದೇ ರೂಪಕ್ಕೆ ಬರುವುವು. ಎರಡು ಹೆಸರುಗಳನ್ನೂ ಹೀಗೆ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು. ಕನ್ನಡದ ಹೆಸರುಗಳನ್ನು ಹೋಲಿಸುವ ಪ್ರೋಗ್ರಾಮಿನಲ್ಲಿ ಈ ಒಂದು ಸಾಲು ಇಲ್ಲದಿದ್ದರೆ, ಅದು ಇಂದಲ್ಲ ನಾಳೆ ಯಾವಳೋ ಒಬ್ಬ ಹುಡುಗಿಗೆ ಅನ್ಯಾಯ ಮಾಡೀತು.

ಆದರೆ "ಶಾಂತ", "ಶಾಂತಾ" ಎಂಬ ಭೇದವನ್ನಾಗಲಿ, ಇನಿಷಿಯಲ್ಲು ಹೆಸರಿನ ಮುಂದೆ ಬಂದಿದೆಯೋ ಹಿಂದೆ ಬಂದಿದೆಯೋ ಎಂಬುದನ್ನಾಗಲಿ ಈ ಆಜ್ಞೆಯು ಸರಿಪಡಿಸಲಾರದು. ಅವು ನಿಜವಾಗಿಯೂ ಬೇರೆ ಅಕ್ಷರಗಳು. ಅಲ್ಲಿ ವಿಚಾರಿಸಿ ತೀರ್ಮಾನಿಸುವುದು ಮನುಷ್ಯರ ಕೆಲಸ.

೭. ವ್ಯಕ್ತಿಗಳ ಹೋಲಿಕೆ

ಇಷ್ಟರಮೇಲೆ ನಮ್ಮ ಇಬ್ಬರು ಗೋದಾವರಿಯರ ಕಡೆಗೆ ತಿರುಗೋಣ. ಇಬ್ಬರ ಹೆಸರುಗಳನ್ನು ಹೋಲಿಸಿದರೆ ಸಮ. ಆದರೆ "ಮೊದಲನೆಯವಳು == ಎರಡನೆಯವಳು" ಎಂದು ಕೇಳಿದರೆ ಯಂತ್ರವು "ಅಲ್ಲ" ಎನ್ನುವುದು. ನಾವು ಬೇರೆ ಏನನ್ನೂ ಹೇಳದಿದ್ದರೆ, ವ್ಯಕ್ತಿಗಳ ವಿಷಯದಲ್ಲಿ ಪೈಥಾನ್ "ಇದೂ ಅದೂ ಒಂದೇ ವಸ್ತುವೇ" ಎಂದು ಮಾತ್ರ ನೋಡುವುದು. ಈಸ್ ಎಂಬ ಪದದಿಂದ ಕೇಳುವ ಪ್ರಶ್ನೆಯೂ ಅದೇ. ಅಕ್ಷರಸರಗಳಿಗೆ ಈ ಪದವನ್ನು ಎಂದಿಗೂ ಉಪಯೋಗಿಸಬಾರದು; ಅಕ್ಷರಗಳು ಒಂದೇ ಆಗಿದ್ದರೂ, ಅವು ಯಂತ್ರದ ನೆನಪಿನಲ್ಲಿ ಎರಡು ಸ್ಥಳಗಳಲ್ಲಿದ್ದರೆ "ಅಲ್ಲ" ಎಂಬ ಉತ್ತರ ಬರಬಹುದು. ೧೯೯೫ರಲ್ಲಿ ಪ್ರಕಟವಾದ ಜಾವಾ ಎಂಬ ಭಾಷೆಯಲ್ಲಿ ಎರಡು ಸಮಚಿಹ್ನೆಗಳೇ ಸ್ಥಳವನ್ನು ಕೇಳುವುವು. ಅಕ್ಷರಗಳನ್ನು ಹೋಲಿಸಲು ಈಕ್ವಲ್ಸ್ ಎಂಬ ಬೇರೆ ಆಜ್ಞೆ ಬೇಕು. ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋಗುವವರು ಇದನ್ನು ಗಮನಿಸಬೇಕು.

ಎರಡು ವ್ಯಕ್ತಿಗಳನ್ನು ಯಾವ ಗುಣದಿಂದ ಸಮವೆಂದು ಎಣಿಸಬೇಕೆಂಬುದನ್ನು ನಾವೇ ಅಚ್ಚಿನಲ್ಲಿ ಬರೆಯಬಹುದು. ಅದಕ್ಕೆ ಈಕ್ಯೂ ಎಂಬ ವಿಧಿಯುಂಟು. ಇಲ್ಲಿಯೇ ವಿವೇಕ ಬೇಕಾಗಿರುವುದು. ಹೆಸರು ಸಮವಾದರೆ ವ್ಯಕ್ತಿಯೂ ಸಮವೆಂದು ಬರೆದರೆ, ೪೧ನೆಯ ಸಂಖ್ಯೆಯ ಗೋದಾವರಿಯೂ ೯೭ನೆಯ ಸಂಖ್ಯೆಯ ಗೋದಾವರಿಯೂ ಒಬ್ಬಳೇ ಆಗಿ, ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋದೀತು. ಪ್ರವೇಶ ಸಂಖ್ಯೆ ಸಮವಾದರೆ ಮಾತ್ರ ವ್ಯಕ್ತಿ ಸಮವೆಂದು ಬರೆದರೆ ಆ ಅನರ್ಥವಿಲ್ಲ.

ಹಳೆಯ ವಿದ್ಯಾರ್ಥಿನಿಯರಿಗೆ ಇದರ ಸತ್ಯವು ಸ್ವಾನುಭವದಿಂದಲೇ ತಿಳಿದಿರುವುದು. ಮದುವೆಯಾದ ಮೇಲೆ ಹಲವರ ಹೆಸರಿನ ಜೊತೆಗಿರುವ ಮನೆತನದ ಹೆಸರೋ ಇನಿಷಿಯಲ್ಲೋ ಬದಲಾಗುವುದು, ಊರು ಬದಲಾಗುವುದು, ವಿದೇಶಕ್ಕೆ ಹೋದವರ ಹೆಸರಿನ ಇಂಗ್ಲಿಷ್ ಬರವಣಿಗೆಯೂ ಬದಲಾಗುವುದುಂಟು. ಯಂತ್ರದ ಮಾತಿನಲ್ಲಿ ಹೇಳುವುದಾದರೆ, "ತಾನು.ಹೆಸರು" ಬದಲಾಯಿತು, "ತಾನು.ಊರು" ಬದಲಾಯಿತು, "ತಾನು" ಬದಲಾಗಲಿಲ್ಲ. ಇಪ್ಪತ್ತು ವರ್ಷಗಳಾದ ಮೇಲೆ ವರ್ಗಾವಣೆ ಪತ್ರದ ಪ್ರತಿಯನ್ನು ಕೇಳುವವಳು, ಅಂದು ಪ್ರವೇಶ ಪುಸ್ತಕದಲ್ಲಿ ಬರೆಯಲ್ಪಟ್ಟ ಅದೇ ಹುಡುಗಿಯೇ. ಇದನ್ನು ಗುರುತಿಸಲಾರದ ದಾಖಲೆಯು ಎಷ್ಟು ವೇಗವಾಗಿ ಕೆಲಸ ಮಾಡಿದರೂ ಒಳ್ಳೆಯ ದಾಖಲೆಯಲ್ಲ.

೮. ಪ್ರಯೋಗ

ಪೋಷಕರಲ್ಲಿ ಒಂದು ಅರಿಕೆ. ಮಗಳ ಹೆಸರನ್ನು ಶಾಲೆಗೆ ಸೇರಿಸುವ ದಿನವೇ ಆಲೋಚಿಸಿ ಒಂದೇ ರೀತಿಯಾಗಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಬರೆಯಿಸಿರಿ; ಇನಿಷಿಯಲ್ಲಿನ ಸ್ಥಾನವನ್ನು ಕೂಡ ನಿಶ್ಚಯಿಸಿರಿ. ಆಮೇಲೆ ಎಲ್ಲ ಕಾಗದಗಳಲ್ಲಿಯೂ ಅದನ್ನೇ ಅನುಸರಿಸಿರಿ. ಪ್ರವೇಶ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಿರಿ. ಎರಡು ಕಾಗದಗಳು ಕಣ್ಣಿಗೆ ಒಂದೇ ಆಗಿದ್ದರೂ ತಾಳೆಯಾಗಲಿಲ್ಲವೆಂದು ಯಾರಾದರೂ ಹೇಳಿದರೆ, ಒಳಗಿನ ಸಂಖ್ಯೆಗಳನ್ನು ಪರೀಕ್ಷಿಸುವಂತೆ ಧೈರ್ಯವಾಗಿ ಕೇಳಿರಿ.

ಈ ವಿದ್ಯೆಯನ್ನು ಕಲಿತು ಕಚೇರಿಗಳಲ್ಲಿಯೂ ಕಂಪೆನಿಗಳಲ್ಲಿಯೂ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಅರಿಕೆ. ನೀವು ಬರೆಯುವ ಒಂದು ಸಾಲು, ನೀವು ಎಂದೂ ನೋಡದ ಹುಡುಗಿಯೊಬ್ಬಳಿಗೆ "ಹೌದು" ಎಂದೋ "ಅಲ್ಲ" ಎಂದೋ ಉತ್ತರ ಕೊಡುವುದು. ಹೆಸರು ಕೂಡಲಿಲ್ಲವೆಂಬ ಒಂದೇ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕುವಂತೆ ಬರೆಯಬೇಡಿರಿ. ಅಂಥ ಅರ್ಜಿಗಳನ್ನು ಬೇರೆ ಇರಿಸಿ, ಮನುಷ್ಯರು ಒಮ್ಮೆ ನೋಡುವಂತೆ ಏರ್ಪಾಡು ಮಾಡಿರಿ.

ಅಭ್ಯಾಸ ಪ್ರಶ್ನೆಗಳು

೧. ರೂಢನಾಮ, ಅಂಕಿತನಾಮಗಳ ಭೇದದಿಂದ ಕ್ಲಾಸ್, ಇನ್‌ಸ್ಟೆನ್ಸ್ ಎಂಬುವುಗಳ ಭೇದವನ್ನು ವಿವರಿಸಿರಿ.

೨. ಅಂಕಗಳ ಪಟ್ಟಿಯನ್ನು ಅಚ್ಚಿನಲ್ಲಿ ಇಟ್ಟರೆ ಏನಾಗುವುದು? ಏಕೆ?

೩. "ಕಮಲ", "ಕಮಲಾ" ಇವುಗಳಲ್ಲಿ ಯಂತ್ರವು ಯಾವುದನ್ನು ಮೊದಲು ಇರಿಸುವುದು? ಕಾರಣ ಕೊಡಿರಿ.

೪. "ಕೋಲಾರ" ಎಂಬ ಹೆಸರನ್ನು ಎರಡು ರೀತಿಯಲ್ಲಿ ಬರೆದಿಟ್ಟರೆ ಒಂದೊಂದರಲ್ಲಿಯೂ ಎಷ್ಟು ಚಿಹ್ನೆಗಳಿರುವುವು? ಎಣಿಸಿ ಹೇಳಿರಿ.

೫. ನಿಮ್ಮ ಮನೆಯಲ್ಲಿರುವ ಮಗಳ ಕಾಗದಗಳನ್ನೆಲ್ಲ ತೆಗೆದು, ಅವಳ ಹೆಸರು ಎಷ್ಟು ವಿಧವಾಗಿ ಬರೆಯಲ್ಪಟ್ಟಿದೆಯೆಂದು ನೋಡಿರಿ. ಒಂದಕ್ಕಿಂತ ಹೆಚ್ಚಾಗಿದ್ದರೆ, ಬರುವ ಪರೀಕ್ಷೆಯ ಅರ್ಜಿಗೆ ಮುಂಚೆಯೇ ಶಾಲೆಯ ಕಚೇರಿಗೆ ಬಂದು ತಿಳಿಸಿರಿ.

— ಮುಖ್ಯೋಪಾಧ್ಯಾಯಿನಿ